ಪರ–ವಿರೋಧ: ಕಲೆ ನಂಬಿ ಬದುಕುವವರು ಜಾಲತಾಣಕ್ಕೆ ಹೊತ್ತುಗೊತ್ತು ಇಡಬೇಕೇ?

ಪರ: ಮೊದಲು ಹೊಂಡ ತುಂಬಲಿ

(ಲೇಖಕಿ ಚಿತ್ರದುರ್ಗದವರು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಾರೆ.)

‘ಇಡಬೇಕು’ ಎನ್ನುವ ಬದಿ ನನ್ನ ಪಾಲಿಗೆ ಬಂದಿದೆ. ಪೂರ್ತಿ ಒಪ್ಪಿ ಬರೆಯುತ್ತಿದ್ದೀರಾ ಎಂದು ಕೇಳಿದರೆ, ಮುಕ್ಕಾಲು ಪಾಲು ಹೌದು ಎನ್ನುತ್ತೇನೆ. ನಾನು ಹಾಕಿಕೊಂಡ ನಿಯಮ ವಾರದಲ್ಲಿ ಒಂದೆರಡು ದಿನ ಮುರಿಯುತ್ತದೆ. ಹಾಗಂತ ನಿಯಮವೇ ತಪ್ಪು ಎಂದು ನನಗೆ ಅನ್ನಿಸಿಲ್ಲ.

ನನ್ನ ಮುಖ್ಯ ಕಾರಣ ಒಂದೇ. ಫೋನಿನಲ್ಲಿ ನಾವು ನೋಡುವ ಆ ಪುಟಕ್ಕೆ ತಳ ಇಲ್ಲ.

ಪೇಪರ್ ಓದಲು ಕೂತರೆ ಕೊನೆಯ ಪುಟ ಬರುತ್ತದೆ. ಸಂತೆಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ವ್ಯಾಪಾರಿಗಳು ಗೋಣಿಚೀಲ ಮಡಚುತ್ತಾರೆ. ರಾತ್ರಿಯಿಡೀ ನಡೆಯುವ ಬಯಲಾಟಕ್ಕೂ ಬೆಳಗಿನ ಜಾವ ಮಂಗಳ ಹಾಡುತ್ತಾರೆ. ಇನ್‌ಸ್ಟಾಗ್ರಾಂಗೆ, ಫೇಸ್‌ಬುಕ್‌ಗೆ ಮಂಗಳ ಹಾಡುವವರಿಲ್ಲ.

ಮೊದಲು ಹೀಗಿರಲಿಲ್ಲ. ಪುಟದ ಕೆಳಗೆ ‘ಮುಂದಿನ ಪುಟ’ ಎಂಬ ಗುಂಡಿ ಇರುತ್ತಿತ್ತು. ಅದನ್ನು ಒತ್ತುವ ಮುಂಚೆ ಒಂದು ಗಳಿಗೆ ಕೈ ನಿಲ್ಲುತ್ತಿತ್ತು. ಸಾಕು ಅನ್ನಿಸಿದರೆ ಎದ್ದು ಹೋಗಬಹುದಿತ್ತು. 2006ರಲ್ಲಿ ಅಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರರು ಆ ಗುಂಡಿಯ ಅಗತ್ಯವನ್ನೇ ತೆಗೆದುಹಾಕಿದರು. ಬೆರಳು ಸರಿಸಿದಷ್ಟೂ ಪುಟ ಬೆಳೆಯುತ್ತಾ ಹೋಗುವ ಹಾಗೆ ಮಾಡಿದರು. ಜನರಿಗೆ ಅನುಕೂಲ ಆಗಲಿ ಎಂದೇ ಮಾಡಿದ್ದು. ಆಮೇಲೆ ಅದರ ಪರಿಣಾಮ ನೋಡಿ ಅವರೇ ಬಹಿರಂಗವಾಗಿ ವಿಷಾದ ಹೇಳಿಕೊಂಡರು. ಕಟ್ಟಿದವರೇ ಬೇಸರಪಟ್ಟ ವಸ್ತುವಿಗೆ ನಾವು ಒಂದು ಮಿತಿ ಹಾಕಿಕೊಳ್ಳಬಾರದೇ? ತಳ ಇಲ್ಲದ ಪಾತ್ರೆಗೆ ನಾವೇ ಎಲ್ಲೋ ಒಂದು ಕಡೆ ತಳ ಕೂರಿಸಬೇಕು. ಬೇರೆ ಯಾರೂ ಕೂರಿಸುವುದಿಲ್ಲ.

ಚಿತ್ರ ಬರೆಯುವವರಿಗೆ ಇದು ಇನ್ನೂ ಕಷ್ಟ. ಒಂದು ಚಿತ್ರದ ಒಳಗೆ ಹೋಗಲು ಹೊತ್ತು ಬೇಕು. ಕಚೇರಿಯಲ್ಲಿ ಕೆಲಸ ಮಾಡುವವರನ್ನು ಗಮನಿಸಿದ ಗ್ಲೋರಿಯಾ ಮಾರ್ಕ್ ಎಂಬ ಸಂಶೋಧಕಿ, ಒಮ್ಮೆ ಅಡ್ಡಿಯಾದ ಕೆಲಸಕ್ಕೆ ಮರಳಲು ಸರಾಸರಿ 23 ನಿಮಿಷ ಬೇಕಾಗುತ್ತದೆ ಎಂದು ಹೇಳಿದ್ದಾರೆ. ನನ್ನ ಮೇಜಿನ ಮೇಲೆ ಫೋನ್ ಇದ್ದರೆ ಗಂಟೆಗೆ ನಾಲ್ಕು ಸಲ ಟಿಂಗ್ ಅನ್ನುತ್ತದೆ. ಲೆಕ್ಕ ಹಾಕಿ. ಚಿತ್ರಕ್ಕೆ ಉಳಿಯುವುದು ಏನು?

ಹೊತ್ತಿಗಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದನ್ನು ನನ್ನ ಅನುಭವದಿಂದಲೇ ಹೇಳಬೇಕು.

ಕೋಟೆ ಹತ್ತುವಾಗ ಒಂದು ಮಗುವಿನ ಕೈಯಿಂದ ಕೋತಿ ಮಂಡಕ್ಕಿ ಪೊಟ್ಟಣ ಕಿತ್ತುಕೊಂಡಿತು. ಮಗು ಅಳಲಿಲ್ಲ. ಕಣ್ಣು ಅರಳಿಸಿ ಸುಮ್ನೆ ನೋಡುತ್ತಾ ನಿಂತಿತು. ಮನೆಗೆ ಬಂದು ಅದನ್ನು ಬರೆದೆ. ಕಣ್ಣು ಸ್ವಲ್ಪ ದೊಡ್ಡದಾಯಿತು. ಇರಲಿ ಎಂದು ಹಾಗೇ ಹಾಕಿದೆ. ನನ್ನ ಬೇರೆ ಯಾವ ಚಿತ್ರಕ್ಕೂ ಬರದಷ್ಟು ಲೈಕ್ ಅದಕ್ಕೆ ಬಂತು. ಮುಂದಿನ ಚಿತ್ರದಲ್ಲೂ ಕಣ್ಣು ದೊಡ್ಡದಾಯಿತು. ಅದರ ಮುಂದಿನದರಲ್ಲಿ ಇನ್ನೂ ದೊಡ್ಡದು. ನಾನು ಬೇಕೆಂದು ಮಾಡಲಿಲ್ಲ, ಕೈ ತಾನೇ ಅತ್ತ ಹೋಯಿತು. ಎಂಟು ತಿಂಗಳಾದ ಮೇಲೆ ಒಂದು ಪುಸ್ತಕದ ಚಿತ್ರಗಳನ್ನು ಕಳಿಸಿದೆ. ಬೀಜಗಳ ಬಗ್ಗೆ ಇದ್ದ ಪುಸ್ತಕ. ಸಂಪಾದಕಿ ಫೋನ್ ಮಾಡಿ ಮೆಲ್ಲಗೆ ಕೇಳಿದರು: “ಮೇಡಂ, ಅಜ್ಜಿ, ಮೊಮ್ಮಗಳು, ಮೇಷ್ಟ್ರು, ಎಲ್ಲರಿಗೂ ಒಂದೇ ಕಣ್ಣು ಇದೆಯಲ್ಲ?”

ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದೆ. ಅವರು ಹೇಳಿದ್ದು ನಿಜ. ನಮ್ಮ ಅಜ್ಜಿಯ ಕಣ್ಣು ಸಣ್ಣದು, ಒಂದು ರೆಪ್ಪೆ ಜೋತುಬಿದ್ದದ್ದು. ಆ ಕಣ್ಣು ಬರೆಯುವುದು ನನಗೆ ಗೊತ್ತಿತ್ತು. ಎಂಟು ತಿಂಗಳಲ್ಲಿ ಮರೆತುಹೋಗಿತ್ತು. ಫೇಸ್‌ಬುಕ್ ಲೈಕ್ ಗುಂಡಿ ತಂದದ್ದು 2009ರಲ್ಲಿ. ನಾನು ಬ್ರಷ್ ಹಿಡಿದದ್ದು ಅದಕ್ಕೂ ತುಂಬಾ ಮುಂಚೆ. ಆದರೂ ಅದು ನನ್ನ ಕೈಯನ್ನು ತಿರುಗಿಸಿಬಿಟ್ಟಿತು.

ನಮ್ಮ ಕೋಟೆಯ ಹೊಂಡಗಳನ್ನು ನೋಡಿದವರಿಗೆ ಗೊತ್ತು. ಮೇಲಿನ ಹೊಂಡ ತುಂಬಿ ಹೆಚ್ಚಾದ ನೀರು ಮಾತ್ರ ಕೆಳಗಿನ ಹೊಂಡಕ್ಕೆ ಇಳಿಯುತ್ತದೆ. ಕೆಲಸವೂ ಹಾಗೆ ಆಗಬೇಕು. ಒಳಗೆ ತುಂಬಿ, ಹೆಚ್ಚಾದದ್ದು ಹೊರಗೆ ಹೋಗಲಿ. ದಿನಾ ಪೋಸ್ಟ್ ಹಾಕಲೇಬೇಕು ಎಂದು ಹೊರಟರೆ ಹೊಂಡದ ತಳ ಒಡೆದು ನೀರು ಬಿಟ್ಟ ಹಾಗೆ.

ಇನ್ನೊಂದು ಮಾತು. ಆ ಜಾಗ ನಮ್ಮದಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಚಳ್ಳಕೆರೆ ಕಡೆಯ ನನ್ನ ಪರಿಚಯದ ಹಾಡುಗಾರ್ತಿ ಒಬ್ಬರು ಎರಡು ವರ್ಷ ಕೂಡಿಸಿದ್ದ ಕೇಳುಗರು ಒಂದೇ ರಾತ್ರಿಗೆ ಹೋದರು. ಅವರ ಹತ್ತಿರ ಒಬ್ಬರ ಫೋನ್ ನಂಬರೂ ಇರಲಿಲ್ಲ. ಬಾಡಿಗೆ ಜಾಗದಲ್ಲಿ ಯಾರಾದರೂ ಮಹಡಿ ಮೇಲೆ ಮಹಡಿ ಕಟ್ಟುತ್ತಾರಾ?

2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ಗಂಟೆ ನಿಂತುಹೋಗಿದ್ದವು. ನಿಂತಾಗ ನಮ್ಮಲ್ಲಿ ರಾತ್ರಿ ಒಂಬತ್ತು ಗಂಟೆ ಆಗಿತ್ತು. ನಾನು ಮೂರು ಸಲ ಫೋನ್ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಬೇರೆ ದಾರಿ ಕಾಣದೆ ಬರೆಯಲು ಕೂತೆ. ಬೀಜದ ಪುಸ್ತಕದ ಅಜ್ಜಿಯ ಕಣ್ಣು ಸರಿಯಾಗಿದ್ದು ಆ ರಾತ್ರಿ.

ನಾನು ಪಾಲಿಸುವುದು ಇಷ್ಟು. ಮಧ್ಯಾಹ್ನದವರೆಗೆ ಫೋನ್ ಅಡುಗೆಮನೆಯಲ್ಲಿ ಇರುತ್ತದೆ. ಸಂಜೆ ಒಂದು ಗಂಟೆ ಎಲ್ಲರಿಗೂ ಉತ್ತರ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ‘ಸಂಜೆ ಐದರ ನಂತರ ಉತ್ತರಿಸುತ್ತೇನೆ’ ಎಂದು ತಾನೇ ಹೋಗುವ ಸಂದೇಶ ಇಟ್ಟಿದ್ದೇನೆ. ಹೀಗೆ ಮಾಡಿದರೆ ದುಡಿಮೆ ಹೋಗುತ್ತದೆ ಎನ್ನುವವರಿದ್ದಾರೆ. ಒಳ್ಳೆಯ ಕೆಲಸ ಬೇಕಾದವರು ಐದು ಗಂಟೆವರೆಗೆ ಕಾಯುತ್ತಾರೆ ಎಂಬುದು ನನ್ನ ನಂಬಿಕೆ.

ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. 89 ವರ್ಷ. ನಮ್ಮ ಜಿಲ್ಲೆಯವರಿಗೆ ಅದು ಎಂಥ ದಿನ ಎಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಮನೆಯವರೆಲ್ಲ ಹೋಗಿದ್ದೆವು. ನನ್ನ ಫೋನಿನಲ್ಲಿ ಆ ದಿನದ 14 ವಿಡಿಯೋ ಇವೆ. ಮರುವಾರ ಅದನ್ನು ಬಣ್ಣದಲ್ಲಿ ಬರೆಯಲು ಕೂತಾಗ ನೀರಿನ ಬಣ್ಣ ನೆನಪಾಗಲಿಲ್ಲ. ವಿಡಿಯೋ ತೆರೆದು ನೋಡಿದೆ. ಅದರಲ್ಲಿ ಇದ್ದದ್ದು ಫೋನಿನ ಬಣ್ಣ.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಈ ಸಲ ಫೋನನ್ನು ಬ್ಯಾಗಿನಲ್ಲೇ ಬಿಟ್ಟು ಅರ್ಧ ಗಂಟೆ ನಿಂತೆ. ನಿಂತ ನೀರು ಹಸಿರು. ಅಂಚಿನಲ್ಲಿ ಬಗ್ಗುವಾಗ ಗಾಜಿನ ಹಾಗೆ ತೆಳು ಹಳದಿ. ಬಿದ್ದಲ್ಲಿ ಹಾಲು ಹಾಕಿದ ಚಹಾ. ಈಗ ಯಾವಾಗ ಕೇಳಿದರೂ ಬರೆಯಬಲ್ಲೆ.

ವಿರೋಧ: ಅಪ್ಪಾಜಿ ದೀಪ ಹಚ್ಚಿದ ಮೇಲೆ ಬ್ರಷ್ ಮುಟ್ಟುತ್ತಿರಲಿಲ್ಲ

(ಲೇಖಕರು ದಾವಣಗೆರೆಯವರು. ಬೋರ್ಡ್ ಬರೆಯುವುದು ಅವರ ಕಸುಬು.)

ನಮ್ಮ ಅಪ್ಪಾಜಿ ಚೌಕಿಪೇಟೆಯಲ್ಲಿ ಬೋರ್ಡ್ ಬರೆಯುತ್ತಿದ್ದರು. ಕಿರಾಣಿ ಅಂಗಡಿ, ಹತ್ತಿ ಮಂಡಿ, ಹೋಟೆಲ್, ಸೊಸೈಟಿ, ಲಾರಿಯ ಹಿಂದಿನ ಹಲಗೆ, ಯಾವುದಾದರೂ ಸರಿ. ಅವರಿಗೆ ಒಂದು ನಿಯಮ ಇತ್ತು. ದೀಪ ಹಚ್ಚಿದ ಮೇಲೆ ಬ್ರಷ್ ಮುಟ್ಟುತ್ತಿರಲಿಲ್ಲ. ಬಲ್ಬಿನ ಬೆಳಕಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ ಎನ್ನುತ್ತಿದ್ದರು. ಹಳದಿ ಬಿಳಿಯ ಹಾಗೆ ಕಾಣುತ್ತದೆ, ನೀಲಿ ಕಪ್ಪಾಗುತ್ತದೆ. ಆರೂವರೆಗೆ ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಷಟರ್ ಎಳೆದು ಮನೆಗೆ ಬರುತ್ತಿದ್ದರು. ರಾತ್ರಿ ಯಾರು ಬಂದು ಬಾಗಿಲು ಬಡಿದರೂ “ಬೆಳಿಗ್ಗೆ ಬರ್ರಿ” ಎನ್ನುವುದೇ ಉತ್ತರ.

ಈಗ ಎಲ್ಲರೂ ಹೇಳುವ ಗಡಿ ಅದೇ ತಾನೆ? ನಮ್ಮ ಮನೆಯಲ್ಲಿ ಅದು ಮೂವತ್ತು ವರ್ಷ ಇತ್ತು. ಅದರಿಂದ ಏನಾಯಿತು ಎಂದು ನಾನು ಕಣ್ಣಾರೆ ನೋಡಿದ್ದೇನೆ.

ಫ್ಲೆಕ್ಸ್ ಬಂತು. ಆ ಮಷೀನಿಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಸಂಜೆ ಏಳಕ್ಕೆ ಯಾರಾದರೂ ತೀರಿಕೊಂಡರೆ ಬೆಳಿಗ್ಗೆ ಆರಕ್ಕೆ ಶ್ರದ್ಧಾಂಜಲಿ ಬ್ಯಾನರ್ ಕಂಬದ ಮೇಲೆ ಇರುತ್ತಿತ್ತು. ಅಗ್ಗವೂ ಆಗಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಅಪ್ಪಾಜಿಯ ಹತ್ತಿರ ಇಪ್ಪತ್ತು ವರ್ಷ ಬರೆಸಿದ ಒಬ್ಬ ಮಂಡಿ ಸಾಹುಕಾರರು ದುಡ್ಡಿಗಾಗಿ ಹೋಗಲಿಲ್ಲ. ಮಗಳ ಮದುವೆಯ ಸ್ವಾಗತದ ಬೋರ್ಡ್ ಬರೆಸಬೇಕಿತ್ತು. ರಾತ್ರಿ ಎಂಟಕ್ಕೆ ಬಂದರು. ಷಟರ್ ಎಳೆದಿತ್ತು. ಮರುದಿನ ಮದುವೆ ಛತ್ರದ ಮುಂದೆ ಫ್ಲೆಕ್ಸ್ ನಿಂತಿತ್ತು. ಅಪ್ಪಾಜಿ ಊಟಕ್ಕೆ ಹೋದವರು ಅದನ್ನು ನೋಡಿ ಹೊರಗೇ ಸ್ವಲ್ಪ ಹೊತ್ತು ನಿಂತರು. ಬಂದು ಏನೂ ಹೇಳಲಿಲ್ಲ. ಆ ಸಾಹುಕಾರರು ಮತ್ತೆ ನಮ್ಮ ಅಂಗಡಿಗೆ ಬರಲೂ ಇಲ್ಲ.

2016ರಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ನಿಷೇಧ ಆದಾಗ ಫ್ಲೆಕ್ಸ್ ಕೂಡ ಆ ಪಟ್ಟಿಯಲ್ಲಿತ್ತು. ಇನ್ನು ನಮ್ಮ ಕಾಲ ಬಂತು ಎಂದು ನಾನು ಹೊಸ ಬ್ರಷ್ ತಂದೆ. ಒಬ್ಬ ಗಿರಾಕಿಯೂ ಮರಳಲಿಲ್ಲ. ನಮ್ಮಂಥವರು ಇನ್ನೂ ಇದ್ದೇವೆ ಎಂಬುದೇ ಜನರಿಗೆ ಮರೆತುಹೋಗಿತ್ತು. ಅದಕ್ಕೇ ಹೇಳುತ್ತೇನೆ, ಕಸುಬುದಾರನಿಗೆ ಜನ ಮರೆಯುವುದಕ್ಕಿಂತ ದೊಡ್ಡ ಕಷ್ಟ ಇಲ್ಲ. ನಿದ್ದೆ ಕೆಟ್ಟರೆ ಮರುದಿನ ಮಧ್ಯಾಹ್ನ ಮಲಗಬಹುದು. ಹೋದ ಗಿರಾಕಿಯನ್ನು ಎಲ್ಲಿ ಹುಡುಕುವುದು?

2020ರ ಲಾಕ್‌ಡೌನ್. ಅಪ್ಪಾಜಿಗೆ 68. ಅಂಗಡಿ ಮುಚ್ಚಿ ಆಗಲೇ ಮೂರು ವರ್ಷವಾಗಿತ್ತು. ನಾನು ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕೆ ಇದ್ದೆ, ಅದೂ ಬಂದ್. ಮನೆಯಲ್ಲಿ ಕೂತು ಬೇಸರ ಬಂದು ಅವರು ಹಿತ್ತಲಿನ ಹಳೇ ತಗಡು ಎಳೆದುಕೊಂಡರು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ ಎರಡು ಗೆರೆ ಹೊಡೆದರು. ಪೆನ್ಸಿಲ್ ಮುಟ್ಟದೆ ಸೀದಾ ಬ್ರಷ್‌ನಿಂದ ‘ಬೆಣ್ಣೆ ದೋಸೆ’ ಎಂದು ಬರೆದರು. ನಾನು ಪೇಂಟ್ ಡಬ್ಬಿಗೆ ಫೋನ್ ಒರಗಿಸಿ ವಿಡಿಯೋ ಮಾಡಿಕೊಂಡೆ.

ಅಕ್ಷರ ಬರೆದವರಿಗೆ ಗೊತ್ತು, ಆ ಮಾತಿನಲ್ಲಿ ಕಷ್ಟ ಇರುವುದು ‘ಣ್ಣೆ’ಯಲ್ಲಿ. ಮೇಲೆ ಏತ್ವ, ಕೆಳಗೆ ಒತ್ತು. ಕೆಳಗಿನ ಗೆರೆಯ ಆಚೆ ಎಷ್ಟು ಜಾಗ ಬಿಡಬೇಕು ಎಂದು ‘ಬೆ’ ಬರೆಯುವಾಗಲೇ ಲೆಕ್ಕ ಇರಬೇಕು. ಇಲ್ಲದಿದ್ದರೆ ಒತ್ತು ಚಪ್ಪಟೆಯಾಗಿ ಹಲಗೆಯ ಅಂಚಿಗೆ ಅಂಟಿಕೊಳ್ಳುತ್ತದೆ. ಈಗಿನ ಎಷ್ಟೋ ಬೋರ್ಡ್‌ಗಳಲ್ಲಿ ನೋಡಿ, ಒತ್ತಕ್ಷರ ಕಾಲು ಮಡಚಿ ಕೂತ ಹಾಗೆ ಇರುತ್ತದೆ. ಅಪ್ಪಾಜಿಯ ಒತ್ತು ಆರಾಮಾಗಿ ಕಾಲು ಚಾಚಿ ಕೂರುತ್ತಿತ್ತು. ಕೊನೆಗೆ ‘ಸೆ’ಯ ಏತ್ವದ ತುದಿಯನ್ನು ಮೇಲೆ ಎತ್ತಿ ಬ್ರಷ್ ತೆಗೆಯುವಾಗ ಅವರು ಉಸಿರು ಬಿಡುವುದೂ ವಿಡಿಯೋದಲ್ಲಿ ಕೇಳುತ್ತದೆ.

ರಾತ್ರಿ ಹತ್ತೂವರೆಗೆ ಹಾಕಿದೆ. ಬೆಳಿಗ್ಗೆ ನೋಡಿದರೆ 212 ಜನ ನೋಡಿದ್ದರು. ವಾರ ಕಳೆಯುವಷ್ಟರಲ್ಲಿ ತೊಂಬತ್ತು ಸಾವಿರ ದಾಟಿತು.

ಆಮೇಲೆ ಆದದ್ದು ನನಗೆ ಇವತ್ತಿಗೂ ಕಣ್ಣ ಮುಂದಿದೆ. ಆರೂವರೆಗೆ ಕೆಲಸ ಮುಗಿಸಿ ಒಂಬತ್ತಕ್ಕೆ ಮಲಗುತ್ತಿದ್ದ ಮನುಷ್ಯ ಹನ್ನೊಂದರವರೆಗೆ ಮಂಚದ ಮೇಲೆ ಎದ್ದು ಕೂರತೊಡಗಿದರು. “ಎಷ್ಟು ಮಂದಿ ನೋಡ್ಯಾರಪ?” ಎಂದು ಕೇಳುತ್ತಿದ್ದರು. ನಾನು ಕಮೆಂಟ್ ಓದಿ ಹೇಳುತ್ತಿದ್ದೆ. ರಾಣೆಬೆನ್ನೂರಿನ ಒಬ್ಬರು ತಮ್ಮ ಮಾವನ ಕಿರಾಣಿ ಅಂಗಡಿಯ ಬೋರ್ಡ್ ನೆನಪಿಸಿಕೊಂಡಿದ್ದರು. ಹರಪನಹಳ್ಳಿಯ ಒಬ್ಬರು, “ನಮ್ಮೂರ ಸೊಸೈಟಿ ಬೋರ್ಡಿನ ‘ಶ್ರೀ’ ಥೇಟ್ ಹೀಗೇ ಇತ್ತು, ಇದು ಯಾರ ಕೈ?” ಎಂದು ಬರೆದಿದ್ದರು. ಅಪ್ಪಾಜಿ ಇನ್ನೊಮ್ಮೆ ಓದಿಸಿದರು. “ಅದು ನಾನ ಬರೆದದ್ದು. ಎಂಬತ್ನಾಕರಾಗ. ಎರಡು ದಿನ ಅಲ್ಲೇ ಉಳದಿದ್ದೆ, ಮಳಿ ಬಂದು ಬಣ್ಣ ಒಣಗಲಿಲ್ಲ” ಎಂದರು. ಅದನ್ನು ನಾನು ಟೈಪ್ ಮಾಡಿದೆ. ಆ ಕಡೆಯಿಂದ ಆ ರಾತ್ರಿಯೇ ಹಳೇ ಬೋರ್ಡಿನ ಫೋಟೋ ಬಂತು. ತುಕ್ಕು ಹಿಡಿದಿತ್ತು. ‘ಶ್ರೀ’ ಇನ್ನೂ ಇತ್ತು.

ರಾತ್ರಿ ಹನ್ನೊಂದು ಗಂಟೆ ಆಗ. ಹೊತ್ತುಗೊತ್ತು ಇಟ್ಟಿದ್ದರೆ ಆ ಫೋಟೋವನ್ನು ನಾನು ಮರುದಿನ ಸಂಜೆ ನೋಡುತ್ತಿದ್ದೆ. ಅಪ್ಪಾಜಿ ಮಂಚದ ಮೇಲೆ ಎದ್ದು ಕೂತಿರುತ್ತಿರಲಿಲ್ಲ.

ಗಡಿ ಹಾಕಿ ಎನ್ನುವವರ ಮಾತು ಕೇಳಿದರೆ, ಕಲಾವಿದ ಎಂದರೆ ಫೋನನ್ನು ಬಾವಿಗೆ ಹಾಕಿ ಮರದ ಕೆಳಗೆ ಕೂರಬೇಕು ಎನ್ನುವ ಹಾಗಿರುತ್ತದೆ. ಮರದ ಕೆಳಗೆ ಕೂತವನಿಗೆ ಅಕ್ಕಿ ಯಾರು ತರುತ್ತಾರೆ? ತಿಂಗಳ ಒಂದನೇ ತಾರೀಕಿಗೆ ಸಂಬಳ ಬರುವವರಿಗೆ ಗಡಿ ಇರಲಿ. ಅವರ ಕೆಲಸಕ್ಕೆ ಹೊತ್ತು ಇದೆ, ರಜೆ ಇದೆ. ನಮ್ಮ ಗಿರಾಕಿಗಳಿಗೆ ಯಾವಾಗ ಬಿಡುವಾಗುತ್ತದೆ ಎಂದು ಸ್ವಲ್ಪ ನೋಡಿ. ಅಂಗಡಿಯವರು ಒಂಬತ್ತೂವರೆಗೆ ಗಲ್ಲಾ ಎಣಿಸಿ ಮುಗಿಸಿದ ಮೇಲೆ ಮೆಸೇಜ್ ಮಾಡುತ್ತಾರೆ. ಮನೆಗೆ ಹೆಸರಿನ ಹಲಗೆ ಬರೆಸುವ ಹೆಣ್ಣುಮಕ್ಕಳು ಪಾತ್ರೆ ತೊಳೆದಿಟ್ಟು, ಮಕ್ಕಳನ್ನು ಮಲಗಿಸಿದ ಮೇಲೆ. ಅಮೆರಿಕದಲ್ಲಿರುವ ಕನ್ನಡದವರಿಗೆ ನಮ್ಮ ರಾತ್ರಿಯೇ ಹಗಲು. ಹೋದ ವರ್ಷ ನನಗೆ ಬಂದ ದೊಡ್ಡ ಕೆಲಸಗಳಲ್ಲಿ ಒಂದೂ ಸಂಜೆ ಏಳಕ್ಕಿಂತ ಮುಂಚೆ ಬಂದದ್ದಲ್ಲ. ಒಬ್ಬರು ನೇರವಾಗಿಯೇ ಹೇಳಿದರು: “ಅಣ್ಣಾ, ಮೂರು ಜನಕ್ಕೆ ಕೇಳಿದ್ದೆ, ನೀವು ಮೊದಲು ಉತ್ತರ ಕೊಟ್ರಿ.”

ಬೆಂಗಳೂರಿನವರ ಮಾತು ಬೇರೆ. ಅಲ್ಲಿ ಚಿತ್ರಕಲಾ ಪರಿಷತ್ತು ಇದೆ. ವರ್ಷಕ್ಕೊಮ್ಮೆ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಗೆ ಜನ ತಾವಾಗಿ ಬರುತ್ತಾರೆ. ಅಂಥವರು ಫೋನ್ ಎತ್ತಿಟ್ಟರೂ ನಡೆಯುತ್ತದೆ. ನಾವು ಅಲ್ಲಿಂದ ಸುಮಾರು 260 ಕಿಲೋಮೀಟರ್ ದೂರ. ಚೌಕಿಪೇಟೆಗೆ ಯಾರು ಹುಡುಕಿಕೊಂಡು ಬರುತ್ತಾರೆ? 2024ರಲ್ಲಿ ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಬೇಕು ಎಂಬ ಕಾನೂನು ಬಂದಾಗ ಬೆಂಗಳೂರಿನ ಮೂರು ಅಂಗಡಿಯವರು ನನಗೆ ಬೋರ್ಡ್ ಬರೆಯಲು ಕೊಟ್ಟರು. ಮೂವರೂ ಬಂದದ್ದು ಅಪ್ಪಾಜಿಯ ‘ಬೆಣ್ಣೆ ದೋಸೆ’ ವಿಡಿಯೋ ನೋಡಿ. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ. ಒಳ್ಳೆಯದೇ. ಆದರೆ ಅಲ್ಲಿಯ ನನ್ನ ಗೆಳೆಯ ಒಬ್ಬ ನೇಕಾರ ಹೇಳುವ ಪ್ರಕಾರ, ಮಗ್ಗದ ಮೇಲಿರುವ ಸೀರೆಯ ಸೆರಗನ್ನು ಸ್ಟೇಟಸ್‌ಗೆ ಹಾಕಿದ ದಿನವೇ ಫೋನ್ ಬರುವುದು.

ಪ್ರಚಾರ ಮಾಡುವುದು ಕಲೆಗೆ ಕಡಿಮೆ ಎಂಬ ಭಾವನೆ ಕೆಲವರಿಗಿದೆ. ಅವರಿಗೆ ಈ ಊರಿನ ನಾಟಕದ ಕಂಪನಿಗಳನ್ನು ನೆನಪಿಸಬೇಕು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ದಾವಣಗೆರೆಯದು. ಕಂಪನಿ ನಾಟಕ ಎಂದರೆ ಗಾಡಿಗೆ ಬೋರ್ಡ್ ಕಟ್ಟಿ, ಮೈಕಿನಲ್ಲಿ ಕೂಗುತ್ತಾ, ಕರಪತ್ರ ತೂರುತ್ತಾ ಊರೆಲ್ಲ ಸುತ್ತುವುದು. ಸುತ್ತದಿದ್ದರೆ ರಾತ್ರಿ ಟೆಂಟ್ ಖಾಲಿ. ದುಗ್ಗಮ್ಮನ ಜಾತ್ರೆಗೆ ನಾಟಕಗಳು ಬಂದಾಗ ಅಪ್ಪಾಜಿ ಆ ಬೋರ್ಡ್‌ಗಳನ್ನು ಬರೆಯುತ್ತಿದ್ದರು. ಆಗ ಮಾತ್ರ ತಮ್ಮ ನಿಯಮ ಮುರಿದು, ಪೆಟ್ರೋಮ್ಯಾಕ್ಸ್ ಹಚ್ಚಿ ರಾತ್ರಿ ಬರೆದದ್ದುಂಟು. ಅದು ನನಗೆ ಅಮ್ಮ ಹೇಳಿ ಗೊತ್ತಾಗಿದ್ದು. ಕೇಳಿದಾಗ ತುಂಬಾ ಸಮಾಧಾನವಾಯಿತು.

ಲೈಕ್ ನೋಡಿ ನೋಡಿ ಕೈ ಕೆಡುತ್ತದೆ ಎನ್ನುತ್ತಾರೆ. ಬೋರ್ಡ್ ಬರೆಯುವವನಿಗೆ ಗಿರಾಕಿಯ ಮಾತು ಹೊಸದೇನಲ್ಲ. “ಹೆಸರು ದಪ್ಪ ಮಾಡ್ರಿ, ಕೆಂಪು ಹಾಕ್ರಿ, ನಮ್ಮ ಹುಡುಗನ ಹೆಸರೂ ಸೇರಿಸ್ರಿ” ಎಂದು ಅಪ್ಪಾಜಿಯ ಬೆನ್ನ ಹಿಂದೆ ನಿಂತು ಹೇಳುತ್ತಿದ್ದರು. ಅದರಿಂದ ಅವರ ಕೈ ಕೆಡಲಿಲ್ಲ. ಟಿಕ್‌ಟಾಕ್ ಹೋದ ಕಥೆ ಹೇಳಿಯೂ ಹೆದರಿಸುತ್ತಾರೆ. ಅದು ಹೋದ ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತಂದಿತು. ಒಂದು ಜಾತ್ರೆ ಮುಗಿದರೆ ಇನ್ನೊಂದು ಊರಿನ ಜಾತ್ರೆಗೆ ಹೋಗುವುದು ಕಂಪನಿಯವರಿಗೂ ಗೊತ್ತಿತ್ತು, ನಮಗೂ ಗೊತ್ತಿದೆ.

ಊಟಕ್ಕೆ ಕೂತಾಗ ಫೋನ್ ಬೇಡ ಎಂದರೆ ನಾನೂ ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಹಾಗೇ ಇದೆ. ಗಾಡಿ ಓಡಿಸುವಾಗಲೂ ಬೇಡ. ಅದು ಮನೆಯ ರೀತಿ. ಅದಕ್ಕೆ ಗಡಿ ಎಂದು ದೊಡ್ಡ ಹೆಸರು ಕೊಟ್ಟು, ಅದನ್ನು ಪಾಲಿಸದವನು ಕಲಾವಿದನೇ ಅಲ್ಲ ಎನ್ನುವ ಹಾಗೆ ಮಾತಾಡುವುದು ನನಗೆ ನೋವು ಕೊಡುತ್ತದೆ. ಹನ್ನೊಂದು ಗಂಟೆ ರಾತ್ರಿಗೆ ಉತ್ತರ ಬರೆಯುವವನಿಗೂ ಕಸುಬಿನ ಮೇಲೆ ಅಷ್ಟೇ ಪ್ರೀತಿ ಇರುತ್ತದೆ. ನನಗಂತೂ ಜಾಸ್ತಿಯೇ ಇದೆ.

ಅಪ್ಪಾಜಿ 2022ರಲ್ಲಿ ತೀರಿಕೊಂಡರು. ಆ ಸುದ್ದಿಯನ್ನೂ ಅಲ್ಲೇ ಬರೆದೆ. ರಾತ್ರಿಯಿಡೀ ಜನ ಫೋಟೋ ಕಳಿಸಿದರು. ಚನ್ನಗಿರಿ, ಜಗಳೂರು, ಹೊಸದುರ್ಗ, ಹರಿಹರ. ಗೋಡೆ ಮೇಲಿನವು, ತಗಡಿನ ಮೇಲಿನವು, ಒಂದು ಬಸ್ ನಿಲ್ದಾಣದ ಒಳಗಿನದು. ತಾವು ಬರೆದ ಬೋರ್ಡ್‌ಗಳ ಲೆಕ್ಕ ಅಪ್ಪಾಜಿ ಇಟ್ಟಿರಲಿಲ್ಲ. ಆ ರಾತ್ರಿ ಬಂದ 47 ಫೋಟೋಗಳೇ ಈಗ ನಮ್ಮ ಮನೆಯಲ್ಲಿರುವ ಲೆಕ್ಕ. ನಾನು ಅವರ ಅಕ್ಷರ ಕಲಿತದ್ದು ಮುಕ್ಕಾಲು ಪಾಲು ಆ ಫೋಟೋಗಳಿಂದ. ಅವರು ಬದುಕಿದ್ದಾಗ ಕೂತು ಕಲಿಯಲಿಲ್ಲ. ಮೊಬೈಲ್ ಅಂಗಡಿಯ ಸಂಬಳವೇ ಸಾಕು ಅಂದುಕೊಂಡಿದ್ದೆ.

ಈಗ ಹರಿಹರದ ಒಬ್ಬಳು ಹುಡುಗಿ ನನ್ನಿಂದ ಕಲಿಯುತ್ತಿದ್ದಾಳೆ. ಹಗಲು ಕಾಲೇಜು, ಸಂಜೆ ಟ್ಯೂಷನ್ ಹೇಳುತ್ತಾಳೆ. ಅಕ್ಷರ ಬರೆದು ನನಗೆ ಕಳಿಸುವುದು ರಾತ್ರಿ ಹತ್ತೂವರೆ ಮೇಲೆ. ಇದನ್ನು ಬರೆಯುತ್ತಾ ಕೂತಾಗಲೇ ಅವಳ ‘ಕ್ಷ’ ಬಂತು. ಗೆರೆ ಚೆನ್ನಾಗಿ ಏಳುತ್ತಿದೆ. ಒತ್ತಿನ ಹೊಟ್ಟೆ ಸ್ವಲ್ಪ ದೊಡ್ಡದಾಗಿದೆ. ತಿದ್ದಿ ಕಳಿಸಬೇಕು, ಅವಳು ಎಚ್ಚರ ಇರುವಾಗಲೇ.